ಕಿಲಾರ್ನಿಯ ಗೂಚ್: ಊರಿನ ಆಟಗಾರ, ಕೌಂಟಿಗೆ ಎರವಲು

1992ರ ಮಾರ್ಚ್ 17. ಐರ್ಲೆಂಡಿನ ನಾಡಹಬ್ಬವಾದ ಸೇಂಟ್ ಪ್ಯಾಟ್ರಿಕ್ ದಿನ. ಡಬ್ಲಿನ್ ನಗರದ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ ಅಖಿಲ ಐರ್ಲೆಂಡ್ ಕ್ಲಬ್ ಫುಟ್‌ಬಾಲ್ ಫೈನಲ್. ಕೆರಿ ಕೌಂಟಿಯ ಕಿಲಾರ್ನಿ ಪಟ್ಟಣದಿಂದ ಬಂದ ‘ಡಾಕ್ಟರ್ ಕ್ರೋಕ್ಸ್’ ತಂಡದ ಜೊತೆ ಎಂಟು ವರ್ಷದ ಕೆಂಗೂದಲ ಪೋರನೊಬ್ಬನಿದ್ದ. ಅವನು ಅಂದು ತಂಡದ ಮ್ಯಾಸ್ಕಟ್. ದೊಡ್ಡವರ ಜೊತೆ ಅದೇ ಬಣ್ಣದ ಜೆರ್ಸಿ ತೊಟ್ಟು ನಿಲ್ಲುವುದಷ್ಟೇ ಅವನ ಕೆಲಸ. ಕ್ರೋಕ್ಸ್ ಒಂದೇ ಒಂದು ಪಾಯಿಂಟಿನಿಂದ ಗೆದ್ದಿತು. ಊರಿಗೆ ಮೊದಲ ಬಾರಿ ಆ ಕಪ್ ಬಂತು.

ಎರಡನೆಯ ಸಲ ಅದು ಬರುವುದಕ್ಕೆ 25 ವರ್ಷ ಹಿಡಿಯಿತು. 2017ರ ಮಾರ್ಚ್ 17ರಂದು, ಅದೇ ಹಬ್ಬದ ದಿನ, ಅದೇ ಮೈದಾನದಲ್ಲಿ ಡಾಕ್ಟರ್ ಕ್ರೋಕ್ಸ್ ಮತ್ತೆ ಗೆದ್ದಿತು. ಅಂದಿನ ಪೋರನಿಗೆ ಈಗ 33 ವರ್ಷ. ಹೆಸರು ಕಾಲಮ್ ಕೂಪರ್. ಐರ್ಲೆಂಡಿನಲ್ಲಿ ಹೆಚ್ಚಿನವರು ಕರೆಯುವುದು ‘ಗೂಚ್’ ಎಂದು. ಚಿಕ್ಕಂದಿನಲ್ಲಿ ಆ ಹೆಸರಿನ ಆಟದ ಬೊಂಬೆಯೊಂದನ್ನು ಹೋಲುತ್ತಿದ್ದನೆಂದು ಅಂಟಿದ ಅಡ್ಡಹೆಸರು ಕೊನೆಯವರೆಗೂ ಬಿಡಲಿಲ್ಲ.

ನಡುವಿನ ಆ 25 ವರ್ಷಗಳಲ್ಲಿ ಕೂಪರ್ ತಮ್ಮ ಕೌಂಟಿಯ ಪರವಾಗಿ ಗೆಲ್ಲಬಹುದಾದದ್ದನ್ನೆಲ್ಲ ಗೆದ್ದಿದ್ದರು. ಆದರೂ ಹುಟ್ಟೂರಿನ ಕ್ಲಬ್ಬಿನ ಈ ಒಂದು ಕಪ್ ಮತ್ತೆ ಮತ್ತೆ ಕೈಗೆ ಹತ್ತಿರ ಬಂದು ಜಾರಿಹೋಗುತ್ತಿತ್ತು. ಗೇಲಿಕ್ ಫುಟ್‌ಬಾಲ್ ಆಟಗಾರನ ಬದುಕು ಹೇಗಿರುತ್ತದೆ ಎಂದು ಕೇಳಿದವರಿಗೆ ಕೂಪರ್ ಅವರ ಕತೆಯನ್ನೇ ಹೇಳಬಹುದು. ಅಲ್ಲಿ ಆಟಗಾರನನ್ನು ಯಾರೂ ಕೊಳ್ಳುವುದಿಲ್ಲ, ಅವನು ತನ್ನನ್ನು ಮಾರಿಕೊಳ್ಳುವುದೂ ಇಲ್ಲ. ಅವನು ಊರಿನವನು. ಕೌಂಟಿ ಅವನನ್ನು ಕೆಲವು ವರ್ಷ ಎರವಲು ಪಡೆಯುತ್ತದೆ, ಆಮೇಲೆ ಊರಿಗೇ ಹಿಂದಿರುಗಿಸುತ್ತದೆ.

ಮೊದಲು ಆಟದ ಬಗ್ಗೆ ಎರಡು ಮಾತು. ಗೇಲಿಕ್ ಫುಟ್‌ಬಾಲ್ ನಾವು ಬಲ್ಲ ಫುಟ್‌ಬಾಲ್ ಅಲ್ಲ, ರಗ್ಬಿಯೂ ಅಲ್ಲ. ತಂಡಕ್ಕೆ 15 ಜನ. ಮೈದಾನ 145 ಮೀಟರಿನಷ್ಟು ಉದ್ದ, 90 ಮೀಟರಿನಷ್ಟು ಅಗಲ ಇರಬಹುದು. ಚೆಂಡು ದುಂಡಗಿದೆ, ಅದನ್ನು ಕೈಯಲ್ಲಿ ಹಿಡಿಯಬಹುದು, ಒದೆಯಬಹುದು, ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ದಾಟಿಸಬಹುದು. ಆದರೆ ಹಿಡಿದುಕೊಂಡು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವಂತಿಲ್ಲ. ಅಷ್ಟರೊಳಗೆ ಒಮ್ಮೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಓಡುತ್ತಲೇ ಕಾಲ್ಬೆರಳಿಂದ ಚಿಮ್ಮಿಸಿ ಮತ್ತೆ ಕೈಗೆ ತಂದುಕೊಳ್ಳಬೇಕು. ಈ ಚಿಮ್ಮಿಸುವಿಕೆಗೆ ‘ಸೋಲೋ’ ಎನ್ನುತ್ತಾರೆ. ಸತತವಾಗಿ ಎರಡು ಸಲ ಪುಟಿಸುವಂತಿಲ್ಲ, ಸೋಲೋ ಮಾತ್ರ ಎಷ್ಟು ಸಲವಾದರೂ ಮಾಡಬಹುದು. ಎದುರಾಳಿ ಭುಜಕ್ಕೆ ಭುಜ ಕೊಟ್ಟು ನೂಕುತ್ತಿರುವಾಗ, ಪೂರ್ತಿ ವೇಗದ ಓಟದಲ್ಲಿ, ಚೆಂಡನ್ನು ಕಾಲಿಂದ ಕೈಗೆ ಕೈಯಿಂದ ಕಾಲಿಗೆ ಆಡಿಸುವುದು ಬಾಲ್ಯದಿಂದಲೇ ರೂಢಿಯಾದವರಿಗಷ್ಟೇ ಸಾಧ್ಯ.

ಗೋಲಿನ ಕಂಬಗಳು ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿರುತ್ತವೆ. ಅಡ್ಡಪಟ್ಟಿಯ ಮೇಲಿಂದ ಚೆಂಡು ಹೋದರೆ ಒಂದು ಪಾಯಿಂಟ್, ಕೆಳಗಿನ ಬಲೆಗೆ ಬಿದ್ದರೆ ಗೋಲು. ಒಂದು ಗೋಲಿಗೆ ಮೂರು ಪಾಯಿಂಟಿನ ಬೆಲೆ. ಅದಕ್ಕೇ ಅಲ್ಲಿನ ಪತ್ರಿಕೆಗಳಲ್ಲಿ ಅಂಕ 1-9 ಎಂಬಂತೆ ಬರುತ್ತದೆ. ಒಂದು ಗೋಲು, ಒಂಬತ್ತು ಪಾಯಿಂಟ್, ಒಟ್ಟು 12 ಎಂದು ಓದಿಕೊಳ್ಳಬೇಕು. 2025ರಿಂದ 40 ಮೀಟರಿನ ಕಮಾನುಗೆರೆಯ ಹೊರಗಿನಿಂದ ಒದ್ದು ಮೇಲೆ ದಾಟಿಸಿದರೆ ಎರಡು ಪಾಯಿಂಟ್ ಕೊಡುವ ನಿಯಮವೂ ಬಂದಿದೆ. ಕೂಪರ್ ಆಡುತ್ತಿದ್ದ ಕಾಲದಲ್ಲಿ ಅದಿರಲಿಲ್ಲ.

ಈ ಆಟವನ್ನು ನಡೆಸುವುದು ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್. ಐರ್ಲೆಂಡ್ ಇನ್ನೂ ಬ್ರಿಟಿಷರ ಆಳ್ವಿಕೆಯಲ್ಲಿದ್ದಾಗ, 1884ರ ನವೆಂಬರ್ 1ರಂದು, ಥರ್ಲಸ್ ಎಂಬ ಊರಿನ ಹೋಟೆಲೊಂದರಲ್ಲಿ ಮೈಕಲ್ ಕ್ಯೂಸಾಕ್ ಮತ್ತು ಕೆಲವೇ ಸಂಗಡಿಗರು ಸೇರಿ ಕಟ್ಟಿದ ಸಂಸ್ಥೆ ಇದು. ಆಳುವವರ ಆಟಗಳ ಅಬ್ಬರದಲ್ಲಿ ತಮ್ಮ ನೆಲದ ಆಟಗಳು ಮರೆಯಾಗಬಾರದು ಎಂಬುದು ಅವರ ಕಳಕಳಿಯಾಗಿತ್ತು. ಸಂಸ್ಥೆಯ ಮೊದಲ ಮಹಾಪೋಷಕರು ಕ್ಯಾಥೊಲಿಕ್ ಆರ್ಚ್‌ಬಿಷಪ್ ಥಾಮಸ್ ಕ್ರೋಕ್. 82 ಸಾವಿರ ಜನ ಹಿಡಿಸುವ ಕ್ರೋಕ್ ಪಾರ್ಕಿಗೂ 1886ರಲ್ಲಿ ಹುಟ್ಟಿದ ಕಿಲಾರ್ನಿಯ ಕ್ಲಬ್ಬಿಗೂ ಅವರದೇ ಹೆಸರು. ಕೂಪರ್ ತೊಟ್ಟ ಜೆರ್ಸಿಯೂ ಅವರು ಆಡಿದ ದೊಡ್ಡ ಮೈದಾನವೂ ಒಬ್ಬನೇ ವ್ಯಕ್ತಿಯ ನೆನಪನ್ನು ಹೊತ್ತಿದ್ದವು.

ಸಂಸ್ಥೆಯ ಬುನಾದಿ ಊರಿನ ಕ್ಲಬ್. ಸಾಮಾನ್ಯವಾಗಿ ಒಂದು ಚರ್ಚಿನ ವ್ಯಾಪ್ತಿಗೆ ಬರುವ ಊರು ಅಥವಾ ಹಳ್ಳಿಗಳ ಗುಂಪಿಗೆ ಒಂದು ಕ್ಲಬ್. ಅಂಥವು ಐರ್ಲೆಂಡಿನಲ್ಲಿ ಎರಡು ಸಾವಿರಕ್ಕೂ ಹೆಚ್ಚಿವೆ. ಮಗು ಐದಾರು ವರ್ಷಕ್ಕೇ ಊರ ಮೈದಾನಕ್ಕೆ ಬರುತ್ತದೆ. ಕಲಿಸುವವರು ನೆರೆಮನೆಯ ಚಿಕ್ಕಪ್ಪನೋ ಶಾಲೆಯ ಮೇಷ್ಟರೋ ಆಗಿರುತ್ತಾರೆ. ಅವರಿಗೆ ಸಂಬಳವಿಲ್ಲ. ಹುಲ್ಲು ಕತ್ತರಿಸುವವರು, ಜೆರ್ಸಿ ಒಗೆಯುವವರು, ಲಾಟರಿ ಚೀಟಿ ಮಾರಿ ಕ್ಲಬ್ಬಿಗೆ ದುಡ್ಡು ಕೂಡಿಸುವವರು ಎಲ್ಲರೂ ಊರಿನವರೇ. ಒಮ್ಮೆ ಒಂದು ಕ್ಲಬ್ಬಿನವನಾದರೆ ಬಹುಮಟ್ಟಿಗೆ ಜೀವನಪೂರ್ತಿ ಅದೇ ಕ್ಲಬ್. ಮನೆ ಬೇರೆ ಊರಿಗೆ ಬದಲಾದಾಗ ವರ್ಗಾವಣೆ ಕೇಳಲು ಅವಕಾಶ ಇದೆಯಾದರೂ, ಕಪ್ ಗೆಲ್ಲುವ ಆಸೆಗೆ ಊರು ಬಿಟ್ಟವನನ್ನು ಯಾರೂ ಮೆಚ್ಚುವುದಿಲ್ಲ.

ಕ್ಲಬ್ಬಿನ ಮೇಲೆ ಕೌಂಟಿ. ನಮ್ಮ ಜಿಲ್ಲೆಯಂಥದ್ದು. ಗಣರಾಜ್ಯ ಮತ್ತು ಬ್ರಿಟನ್ನಿನ ಆಡಳಿತದಲ್ಲಿರುವ ಉತ್ತರ ಐರ್ಲೆಂಡ್ ಎರಡೂ ಸೇರಿ ಒಟ್ಟು 32 ಸಾಂಪ್ರದಾಯಿಕ ಕೌಂಟಿಗಳು. ಕ್ಲಬ್ ಪಂದ್ಯಗಳಲ್ಲಿ ಮಿಂಚಿದವರನ್ನು ಆಯ್ದು ಕೌಂಟಿ ತಂಡ ಕಟ್ಟುತ್ತಾರೆ. ಕೌಂಟಿಗಳು ಮೊದಲು ತಮ್ಮ ಪ್ರಾಂತ್ಯದಲ್ಲಿ, ಆಮೇಲೆ ಇಡೀ ದೇಶದಲ್ಲಿ ಸೆಣಸುತ್ತವೆ. ಗೆದ್ದವರಿಗೆ ಸ್ಯಾಮ್ ಮ್ಯಾಗ್ವೈರ್ ಕಪ್. ಈ ಕಪ್ಪಿಗೆ ಆಡಿದ್ದಕ್ಕೆ ಆಟಗಾರನಿಗೆ ಸಂಭಾವನೆ ಇಲ್ಲ. ಪ್ರಯಾಣದ ಖರ್ಚು ಸಿಗುತ್ತದೆ, ಕೌಂಟಿ ಆಟಗಾರರಿಗೆ ಸರ್ಕಾರದಿಂದ ಸಣ್ಣ ಅನುದಾನವಿದೆ, ಹೆಸರಾದವರಿಗೆ ಜಾಹೀರಾತುಗಳಿಂದ ಒಂದಿಷ್ಟು ಬರಬಹುದು. ಜೀವನೋಪಾಯಕ್ಕೆ ಬೇರೆ ಕೆಲಸ ಬೇಕೇ ಬೇಕು. ಕೂಪರ್ ಬ್ಯಾಂಕ್ ಉದ್ಯೋಗಿಯಾಗಿದ್ದರು.

ಕೆರಿಯಲ್ಲಿ ಹುಟ್ಟಿದ ಫುಟ್‌ಬಾಲಿಗನ ಹೆಗಲ ಮೇಲೆ ಭಾರ ಇನ್ನೂ ಹೆಚ್ಚು. ಸುಮಾರು ಒಂದೂವರೆ ಲಕ್ಷ ಜನಸಂಖ್ಯೆಯ ಈ ಪುಟ್ಟ ಕೌಂಟಿ 2025ರ ಹೊತ್ತಿಗೆ 39 ಬಾರಿ ಅಖಿಲ ಐರ್ಲೆಂಡ್ ಚಾಂಪಿಯನ್ ಆಗಿದೆ. ಬೇರೆ ಯಾವ ಕೌಂಟಿಯೂ ಇಷ್ಟು ಗೆದ್ದಿಲ್ಲ. ಕಿಲಾರ್ನಿಯ ದೊಡ್ಡ ಕ್ರೀಡಾಂಗಣಕ್ಕೆ ಡಿಕ್ ಫಿಟ್ಜ್‌ಜೆರಾಲ್ಡ್ ಅವರ ಹೆಸರಿದೆ. 1913 ಮತ್ತು 1914ರಲ್ಲಿ ಕೆರಿಯ ನಾಯಕನಾಗಿ ಕಪ್ ಗೆದ್ದ ಅವರು ಈ ಆಟದ ಕುರಿತ ಮೊದಲ ತರಬೇತಿ ಪುಸ್ತಕವನ್ನೂ ಬರೆದವರು, ಡಾಕ್ಟರ್ ಕ್ರೋಕ್ಸ್ ಕ್ಲಬ್ಬಿನವರು. ಕೂಪರ್ ಬೆಳೆದದ್ದು ಇಂಥ ಊರಿನಲ್ಲಿ.

2002ರಲ್ಲಿ ಕೂಪರ್ ಕೆರಿಯ ಹಿರಿಯರ ತಂಡಕ್ಕೆ ಬಂದರು. ಆಗ ಅವರ ಮೈಕಟ್ಟು ಕಂಡವರಿಗೆ ಅನುಮಾನ ಬಂದದ್ದು ಸಹಜ. ತೆಳ್ಳಗಿನ ದೇಹ, ಹುಡುಗನ ಮುಖ. ಎದುರಿಗೆ ನಿಲ್ಲುತ್ತಿದ್ದವರು ಗಟ್ಟಿಮುಟ್ಟಾದ ರಕ್ಷಣಾ ಆಟಗಾರರು. ಆದರೆ ಚೆಂಡು ಎಲ್ಲಿ ಬೀಳುತ್ತದೆ ಎಂದು ಉಳಿದವರಿಗಿಂತ ಒಂದು ಕ್ಷಣ ಮೊದಲೇ ಕೂಪರ್‌ಗೆ ಗೊತ್ತಾಗುತ್ತಿತ್ತು. ಎರಡು ಕಾಲಿನಿಂದಲೂ ಒದೆಯಬಲ್ಲವರಾದ್ದರಿಂದ ಅವರು ಯಾವ ಕಡೆ ತಿರುಗುತ್ತಾರೆಂದು ಎದುರಾಳಿ ಊಹಿಸುವುದು ಕಷ್ಟವಾಗಿತ್ತು. ಮೊದಲ ವರ್ಷವೇ ಕೆರಿ ಫೈನಲ್ ತಲುಪಿ ಆರ್ಮಾ ಕೌಂಟಿಗೆ ಒಂದು ಪಾಯಿಂಟಿನಿಂದ ಸೋತಿತು. 19ರ ಕೂಪರ್ ಆ ವರ್ಷದ ‘ಆಲ್ ಸ್ಟಾರ್’ ತಂಡಕ್ಕೆ ಆಯ್ಕೆಯಾದರು. ವರ್ಷದ ಅತ್ಯುತ್ತಮ 15 ಆಟಗಾರರಿಗೆ ಸಲ್ಲುವ ಈ ಗೌರವ ಅವರಿಗೆ ಒಟ್ಟು ಎಂಟು ಸಲ ಸಿಕ್ಕಿತು.

2004ರ ಫೈನಲ್‌ನಲ್ಲಿ ಎದುರಾಳಿ ಮೇಯೋ. ಎತ್ತರದಲ್ಲಿ ಬಂದ ಚೆಂಡನ್ನು ಕೂಪರ್ ನೆಗೆದು ಹಿಡಿದರು, ಕಾವಲಿದ್ದವನನ್ನು ಒಂದೇ ತಿರುವಿನಲ್ಲಿ ಹಿಂದೆ ಹಾಕಿದರು, ಮುನ್ನುಗ್ಗಿ ಬಂದ ಗೋಲ್‌ಕೀಪರ್‌ನ ಪಕ್ಕದಿಂದ ಚೆಂಡನ್ನು ನೆಲಕ್ಕಂಟಿದಂತೆ ಬಲೆಯೊಳಕ್ಕೆ ಒದ್ದರು. ಅವಸರವೇ ಇಲ್ಲದ ಒದೆತ ಅದು. ಇಂದಿಗೂ ಕೆರಿಯ ಜನ ಆ ಗೋಲಿನ ಮಾತು ತೆಗೆಯುತ್ತಾರೆ. ಅಂದು ಕೂಪರ್ ಗಳಿಸಿದ್ದು ಒಂದು ಗೋಲು, ಐದು ಪಾಯಿಂಟ್. ಅವರ ಮೊದಲ ಸ್ಯಾಮ್ ಮ್ಯಾಗ್ವೈರ್ ಕಪ್ ಅದು.

2004ರಿಂದ 2009ರವರೆಗೆ ಕೆರಿ ಸತತ ಆರು ವರ್ಷ ಫೈನಲ್ ಆಡಿತು. 2004, 2006, 2007 ಮತ್ತು 2009ರಲ್ಲಿ ಗೆಲುವು, 2005 ಮತ್ತು 2008ರಲ್ಲಿ ಟಿರೋನ್ ಎದುರು ಸೋಲು.

ಸಂಬಳವಿಲ್ಲ ಎಂದ ಮಾತ್ರಕ್ಕೆ ಶಿಸ್ತು ಸಡಿಲ ಎಂದುಕೊಳ್ಳಬಾರದು. 2009ರ ಬೇಸಿಗೆಯಲ್ಲಿ ಕೆರಿ ಎಡವುತ್ತ ಸಾಗಿತ್ತು. ಸ್ಲೈಗೊ ವಿರುದ್ಧ ಹೇಗೋ ಗೆದ್ದ ಮೇಲೆ ಕೂಪರ್ ಮತ್ತು ಇನ್ನೊಬ್ಬ ಹಿರಿಯ ಆಟಗಾರ ಟೊಮಾಸ್ ಓ ಶೇ ಮದ್ಯ ಸೇವಿಸಿ ತಂಡದ ನಿಯಮ ಮುರಿದರು. ಮ್ಯಾನೇಜರ್ ಜಾಕ್ ಓ ಕಾನರ್ ಮುಲಾಜು ನೋಡಲಿಲ್ಲ. ಆಂಟ್ರಿಮ್ ವಿರುದ್ಧದ ಮುಂದಿನ ಪಂದ್ಯ ಶುರುವಾದಾಗ ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿದರು. ಅದಾದ ನಂತರದ ಪಂದ್ಯ ಕ್ವಾರ್ಟರ್ ಫೈನಲ್, ಎದುರಿಗೆ ಡಬ್ಲಿನ್. ಆಟ ಶುರುವಾಗಿ ಒಂದು ನಿಮಿಷ ತುಂಬುವುದರೊಳಗೆ ಕೂಪರ್ ಗೋಲು ಹೊಡೆದಿದ್ದರು. ಕೆರಿ 17 ಪಾಯಿಂಟುಗಳಿಂದ ಗೆದ್ದಿತು, ಸೆಪ್ಟೆಂಬರಿನಲ್ಲಿ ಕಾರ್ಕ್ ತಂಡವನ್ನು ಸೋಲಿಸಿ ಕಪ್ಪನ್ನೂ ಎತ್ತಿತು. ಬೆಳಿಗ್ಗೆ ಕಚೇರಿಗೆ ಹೋಗಿ ಸಂಜೆ ಅಭ್ಯಾಸಕ್ಕೆ ಬರುವವರಿಂದಲೂ ಈ ಆಟ ವೃತ್ತಿಪರರ ಕಟ್ಟುಪಾಡನ್ನೇ ಬಯಸುತ್ತದೆ.

ಇನ್ನು ಊರಿನ ಕತೆ. ಕೌಂಟಿಯ ವರ್ಷ ಮುಗಿಯುತ್ತಿದ್ದಂತೆ ಕೂಪರ್ ಕ್ಲಬ್ಬಿನ ಕಪ್ಪು-ಹಳದಿ ಜೆರ್ಸಿ ತೊಡುತ್ತಿದ್ದರು. ಕೆರಿಯ ಕ್ಲಬ್ ಲೋಕಕ್ಕೆ ಅದರದೇ ಲೆಕ್ಕಾಚಾರವಿದೆ. ಅಲ್ಲಿನ ಕೌಂಟಿ ಚಾಂಪಿಯನ್‌ಷಿಪ್‌ನಲ್ಲಿ ದೊಡ್ಡ ಕ್ಲಬ್ಬುಗಳ ಜೊತೆಗೆ, ಸಣ್ಣ ಊರುಗಳು ಕೂಡಿ ಕಟ್ಟಿಕೊಂಡ ವಿಭಾಗೀಯ ತಂಡಗಳೂ ಆಡುತ್ತವೆ. ಆದರೆ ಕೆರಿಯಾಚೆಗಿನ ಕ್ಲಬ್ ಪಂದ್ಯಾವಳಿಗೆ ಹೋಗಲು ಅಪ್ಪಟ ಕ್ಲಬ್ಬಿಗೆ ಮಾತ್ರ ಹಕ್ಕು. 2006ರಲ್ಲಿ ಕೌಂಟಿ ಗೆದ್ದದ್ದು ಸೌತ್ ಕೆರಿ ಎಂಬ ವಿಭಾಗೀಯ ತಂಡ. ಹಾಗಾಗಿ ಮನ್ಸ್ಟರ್ ಪ್ರಾಂತ್ಯದ ಪಂದ್ಯಾವಳಿಗೆ ಹೋಗುವ ಅವಕಾಶ ಡಾಕ್ಟರ್ ಕ್ರೋಕ್ಸ್‌ಗೆ ದಕ್ಕಿತು. ಅವರು ಅದನ್ನು ಗೆದ್ದು 2007ರ ಅಖಿಲ ಐರ್ಲೆಂಡ್ ಫೈನಲ್ ತನಕ ಹೋದರು. ಎದುರಿಗೆ ಆರ್ಮಾ ಕೌಂಟಿಯ ಬಲಾಢ್ಯ ಕ್ಲಬ್ ಕ್ರಾಸ್‌ಮ್ಯಾಗ್ಲೆನ್. ಮೊದಲ ಪಂದ್ಯ ಸಮ. ಮರುಪಂದ್ಯದಲ್ಲಿ ಸೋಲು.

2010ರಿಂದ 2013ರವರೆಗೆ ಸತತ ನಾಲ್ಕು ವರ್ಷ ಕ್ರೋಕ್ಸ್ ಕೆರಿಯ ಚಾಂಪಿಯನ್ ಆಯಿತು. ಈ ಯಶಸ್ಸು ಕೂಪರ್‌ಗೆ ಕೌಂಟಿ ತಂಡದಲ್ಲೂ ಒಂದು ಪಟ್ಟ ತಂದುಕೊಟ್ಟಿತು. ಹಿಂದಿನ ವರ್ಷ ಕೌಂಟಿ ಗೆದ್ದ ಕ್ಲಬ್ಬೇ ಕೆರಿ ತಂಡದ ನಾಯಕನನ್ನು ಹೆಸರಿಸುವುದು ಆಗಿನ ರೂಢಿ. 2010ರ ಗೆಲುವಿನ ಬಲದಿಂದ 2011ರಲ್ಲಿ ಕೂಪರ್ ಕೆರಿಯ ನಾಯಕರಾದರು. ಕೌಂಟಿಯ ನಾಯಕತ್ವವನ್ನೂ ಊರೇ ಕೊಡುತ್ತಿತ್ತು ಎಂಬುದನ್ನು ಗಮನಿಸಬೇಕು.

ಆ ವರ್ಷದ ಫೈನಲ್ ಡಬ್ಲಿನ್ ವಿರುದ್ಧ. ಕೂಪರ್ ಗೋಲು ಹೊಡೆದರು. ಆಟ ಮುಗಿಯಲು ಕೆಲವೇ ನಿಮಿಷ ಇರುವಾಗ ಕೆರಿ ನಾಲ್ಕು ಪಾಯಿಂಟ್ ಮುಂದಿತ್ತು. ಡಬ್ಲಿನ್‌ನ ಕೆವಿನ್ ಮ್ಯಾಕ್‌ಮ್ಯಾನಮನ್ ಹೊಡೆದ ಗೋಲು ಪಂದ್ಯದ ದಿಕ್ಕನ್ನೇ ಬದಲಿಸಿತು. ಕಡೆಗೆ ಅಂಕ ಸಮವಾಗಿ, ಹೆಚ್ಚುವರಿ ಸಮಯದ ಕ್ಷಣಗಳು ಓಡುತ್ತಿದ್ದಾಗ ಡಬ್ಲಿನ್ನಿಗೆ ಫ್ರೀ ಕಿಕ್ ಸಿಕ್ಕಿತು. ಅದನ್ನು ಒದೆಯಲು ಗೋಲ್‌ಕೀಪರ್ ಸ್ಟೀಫನ್ ಕ್ಲಕ್ಸ್‌ಟನ್ ತಮ್ಮ ಗೋಲು ಬಿಟ್ಟು ಅಷ್ಟು ದೂರ ಓಡಿ ಬಂದರು. ಚೆಂಡು ಅಡ್ಡಪಟ್ಟಿಯ ಮೇಲಿಂದ ಹಾರಿತು. ಒಂದೇ ಪಾಯಿಂಟಿನ ಸೋಲು. ನಾಯಕನಾಗಿ ಕಪ್ ಎತ್ತುವ ಭಾಗ್ಯ ಕೂಪರ್‌ಗೆ ಕೊನೆಗೂ ಬರಲಿಲ್ಲ.

ಕ್ಲಬ್ಬಿನಲ್ಲೂ ನೋವು ಕಡಿಮೆಯಿರಲಿಲ್ಲ. 2012ರ ಅಖಿಲ ಐರ್ಲೆಂಡ್ ಸೆಮಿಫೈನಲ್‌ನಲ್ಲಿ ಕ್ರಾಸ್‌ಮ್ಯಾಗ್ಲೆನ್ ಎದುರು ಸೋಲು. 2013ರ ಸೆಮಿಫೈನಲ್‌ನಲ್ಲಿ ಡಬ್ಲಿನ್ನಿನ ಬ್ಯಾಲಿಮನ್ ಕಿಕ್‌ಹ್ಯಾಮ್ಸ್ ಎದುರು ಸೋಲು. 2014ರ ಫೆಬ್ರುವರಿಯಲ್ಲಿ ಮತ್ತೆ ಸೆಮಿಫೈನಲ್, ಈ ಬಾರಿ ಮೇಯೋದ ಕ್ಯಾಸಲ್‌ಬಾರ್ ಮಿಚೆಲ್ಸ್ ವಿರುದ್ಧ. ಅಂದು ಪಂದ್ಯವೂ ಹೋಯಿತು, ಕೂಪರ್ ಅವರ ಮೊಣಕಾಲೂ ಹೋಯಿತು. ಮೊಣಕಾಲಿನ ಅಸ್ಥಿರಜ್ಜು ಹರಿದಿತ್ತು, ಚಿಪ್ಪಿಗೂ ಪೆಟ್ಟಾಗಿತ್ತು. ವಯಸ್ಸು 30. ಇಡೀ ವರ್ಷ ಕೈಬಿಟ್ಟಿತು.

ಅದೇ ಸೆಪ್ಟೆಂಬರಿನಲ್ಲಿ ಕೆರಿ ಅಖಿಲ ಐರ್ಲೆಂಡ್ ಗೆದ್ದಿತು. ಕಪ್ ಎತ್ತಿದ ಜಂಟಿ ನಾಯಕರಾದ ಕೀರನ್ ಓ ಲಿಯರಿ ಮತ್ತು ಫಿಯೊನ್ ಫಿಟ್ಜ್‌ಜೆರಾಲ್ಡ್ ಇಬ್ಬರೂ ಡಾಕ್ಟರ್ ಕ್ರೋಕ್ಸ್‌ನವರೇ. ತಮ್ಮೂರಿನ ಹುಡುಗರು ಕೌಂಟಿಯ ಕಪ್ ಹಿಡಿದು ನಿಂತಾಗ ಊರಿನ ಅತ್ಯಂತ ದೊಡ್ಡ ಆಟಗಾರ ಗೆರೆಯಾಚೆ ಇದ್ದರು. ಕೂಪರ್ ಫೈನಲ್‌ನಲ್ಲಿ ಆಡಿ ಗೆದ್ದದ್ದು ನಾಲ್ಕು ಬಾರಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕೌಂಟಿಯ ಅತ್ಯಮೂಲ್ಯ ಆಟಗಾರ ಗಾಯಗೊಂಡದ್ದು ಕೌಂಟಿಯ ಪಂದ್ಯದಲ್ಲಲ್ಲ, ಚಳಿಗಾಲದ ಕ್ಲಬ್ ಪಂದ್ಯವೊಂದರಲ್ಲಿ. ಸಂಬಳ ಕೊಡುವ ಆಟಗಳಲ್ಲಾಗಿದ್ದರೆ ಅಂಥವನನ್ನು ಕಾಪಾಡಿಕೊಳ್ಳಲು ಕರಾರು, ವಿಮೆ, ವಕೀಲರು ಎಲ್ಲ ಎದ್ದುನಿಲ್ಲುತ್ತಿದ್ದರು. ಗೇಲಿಕ್ ಆಟದಲ್ಲಿ ಕ್ಲಬ್ಬಿಗೆ ಆಡಬೇಡ ಎಂದು ಹೇಳುವ ಕಲ್ಪನೆಯೇ ಯಾರಿಗೂ ಒಗ್ಗದು. ಹಾಗೆಂದು ಎಳೆದಾಟ ಇರಲಿಲ್ಲವೆಂದಲ್ಲ. ಕೌಂಟಿ ಪಂದ್ಯಗಳು ಸೆಪ್ಟೆಂಬರ್‌ವರೆಗೂ ಹಿಗ್ಗುತ್ತಿದ್ದ ಆ ದಿನಗಳಲ್ಲಿ ಕ್ಲಬ್ಬುಗಳು ತಮ್ಮ ಪಂದ್ಯದ ದಿನ ಯಾವುದೆಂದು ತಿಳಿಯದೆ ಕಾಯುತ್ತ ಕೂರಬೇಕಾಗುತ್ತಿತ್ತು. ಎರಡೂ ಕಡೆ ಆಡುವವನಿಗೆ ವರ್ಷವಿಡೀ ಬಿಡುವಿರಲಿಲ್ಲ. 2022ರಿಂದ ವರ್ಷವನ್ನು ಎರಡು ಪಾಲು ಮಾಡಿದ್ದಾರೆ. ಜುಲೈ ಮುಗಿಯುವುದರೊಳಗೆ ಕೌಂಟಿ ಫೈನಲ್, ಆಮೇಲೆ ಕ್ಲಬ್ಬುಗಳ ಕಾಲ. ಈ ಸುಧಾರಣೆ ಬರುವ ಹೊತ್ತಿಗೆ ಕೂಪರ್ ಅವರ ಕೌಂಟಿ ಆಟ ಮುಗಿದು ಐದು ವರ್ಷವಾಗಿತ್ತು.

2015ರಲ್ಲಿ ಕೂಪರ್ ಮರಳಿದರು. ಆ ವರ್ಷ ಫೈನಲ್‌ನಲ್ಲಿ, ಮರುವರ್ಷ ಸೆಮಿಫೈನಲ್‌ನಲ್ಲಿ ಕೆರಿಯನ್ನು ತಡೆದದ್ದು ಡಬ್ಲಿನ್ನೇ. ಹಳೆಯ ವೇಗ ಸ್ವಲ್ಪ ತಗ್ಗಿತ್ತು. ಆದರೆ 2016ರ ಕೊನೆಯಲ್ಲಿ ಕ್ಲಬ್ ಮತ್ತೆ ಕೆರಿಯನ್ನೂ ಮನ್ಸ್ಟರ್ ಪ್ರಾಂತ್ಯವನ್ನೂ ಗೆದ್ದಿತು. ಈ ಬಾರಿ ಸೆಮಿಫೈನಲ್ ಗೋಡೆಯೂ ಒಡೆಯಿತು. ಗಾಲ್ವೇ ಕೌಂಟಿಯ ಕೊರೊಫಿನ್ ಸೋತಿತು. ಫೈನಲ್‌ನಲ್ಲಿ ಎದುರಾದದ್ದು ಡೆರಿ ಕೌಂಟಿಯ ಸ್ಲಾಟ್‌ನೀಲ್. ಒಂದು ಸಣ್ಣ ಗ್ರಾಮೀಣ ಸಮುದಾಯ ಕಟ್ಟಿದ ಛಲದ ತಂಡ. ಪಂದ್ಯ ಸುಲಭವಿರಲಿಲ್ಲ. 1-9 ಮತ್ತು 1-7, ಅಂದರೆ ಎರಡೇ ಪಾಯಿಂಟಿನ ಅಂತರದ ಗೆಲುವು. ಕ್ರೋಕ್ಸ್ ಗಳಿಸಿದ ಆ ಒಂದು ಗೋಲು ಕೂಪರ್ ಅವರದೇ.

ಅದಾಗಿ ಮೂರು ವಾರವೂ ಕಳೆದಿರಲಿಲ್ಲ, ಏಪ್ರಿಲ್ ಮೊದಲ ವಾರ ಕೂಪರ್ ಕೆರಿ ತಂಡದಿಂದ ನಿವೃತ್ತಿ ಘೋಷಿಸಿದರು. 15 ವರ್ಷ, 85 ಚಾಂಪಿಯನ್‌ಷಿಪ್ ಪಂದ್ಯ, 23 ಗೋಲು, 283 ಪಾಯಿಂಟ್. ಎರವಲು ಕೊಟ್ಟದ್ದು ಮುಗಿದಿತ್ತು. ಆದರೆ ಕ್ಲಬ್ಬಿನ ಜೆರ್ಸಿಯನ್ನು ಅವರು ಆಗ ಕಳಚಿಡಲಿಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ ಡಬ್ಲಿನ್ನಿನಲ್ಲಿ ಅವರ ಗೌರವಾರ್ಥ ಭೋಜನಕೂಟವೊಂದು ಏರ್ಪಾಡಾಯಿತು. ಹತ್ತು ಜನರ ಮೇಜಿಗೆ 5,000 ಯೂರೊ. ಬಂದ ಹಣದಲ್ಲಿ ಒಂದು ಪಾಲು ಸೇವಾಸಂಸ್ಥೆಗಳಿಗೆ, ಉಳಿದದ್ದು ಕೂಪರ್‌ಗೆ. ಇದು ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ನಡೆಸಿದ ಕಾರ್ಯಕ್ರಮವಲ್ಲ. ಆದರೂ ದೇಶದಲ್ಲೆಲ್ಲ ಚರ್ಚೆ ಎದ್ದಿತು. ಹವ್ಯಾಸಿ ಆಟದ ಶೀಲಕ್ಕೆ ಇದು ತಕ್ಕದ್ದೇ ಎಂದು ಕೆಲವರು ಕೇಳಿದರು. 15 ವರ್ಷ ಲಕ್ಷಾಂತರ ಜನರನ್ನು ಮೈದಾನಕ್ಕೆ ಎಳೆತಂದವನಿಗೆ ಒಂದು ಸಂಜೆಯ ಸನ್ಮಾನ ಹೆಚ್ಚಾಯಿತೇ ಎಂದು ಉಳಿದವರು ತಿರುಗಿ ಕೇಳಿದರು. ಎರಡೂ ಪ್ರಶ್ನೆಗಳಲ್ಲಿ ನ್ಯಾಯವಿದೆ. ಟಿಕೆಟ್ ಮತ್ತು ಟಿವಿ ಪ್ರಸಾರದಿಂದ ಬರುವ ಹಣದ ಬಹುಪಾಲು ಕೌಂಟಿ, ಕ್ಲಬ್, ಮೈದಾನಗಳಿಗೇ ಮರಳುತ್ತದೆ. ಐದು ವರ್ಷದ ಮಗುವಿಗೆ ಊರಲ್ಲಿ ಹಸಿರು ಮೈದಾನ ಸಿಗುವುದು ಅದರಿಂದಲೇ. ಆದರೆ ವಾರಕ್ಕೆ ನಾಲ್ಕೈದು ದಿನ ದುಡಿದು, ಮೊಣಕಾಲು ಪಣಕ್ಕಿಟ್ಟು ಆ ಹಣ ಹುಟ್ಟಿಸುವ ಆಟಗಾರ ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ ಎಂಬುದೂ ಸತ್ಯ. ಊರಿನ ನಂಟು ಉಳಿಯಬೇಕಾದರೆ ಸಂಬಳ ಬಾರದಿರುವುದೇ ಮೇಲು. ಆದರೆ ಗಾಯ, ಕಳೆದ ದುಡಿಮೆ, ನಿವೃತ್ತಿಯ ನಂತರದ ದಾರಿ, ಇವುಗಳ ಹೊಣೆಯನ್ನು ಸಂಸ್ಥೆ ಹೊರಲೇಬೇಕು.

ಕೂಪರ್ ಅವರ ಜಾಗಕ್ಕೆ ಇಂದು ಕೆರಿಯಲ್ಲಿ ಬಂದಿರುವ ಹೆಸರು ಡೇವಿಡ್ ಕ್ಲಿಫರ್ಡ್. ಅವರ ಊರು ಫೊಸ್ಸ, ಕಿಲಾರ್ನಿಯ ಮಗ್ಗುಲಲ್ಲೇ ಇರುವ ಹಳ್ಳಿ. 2022ರ ಜುಲೈನಲ್ಲಿ ಕ್ರೋಕ್ ಪಾರ್ಕಿನಲ್ಲಿ ಗಾಲ್ವೇ ವಿರುದ್ಧ ಎಂಟು ಪಾಯಿಂಟ್ ಗಳಿಸಿ ಕೆರಿಗೆ ಸ್ಯಾಮ್ ಮ್ಯಾಗ್ವೈರ್ ಕಪ್ ಗೆಲ್ಲಿಸಿದ ಅವರು ಆ ವರ್ಷದ ಶ್ರೇಷ್ಠ ಫುಟ್‌ಬಾಲಿಗ ಎನಿಸಿದರು. ದೇಶದ ಅತ್ಯುತ್ತಮ ಆಟಗಾರ ಆಡುತ್ತಿದ್ದ ಕ್ಲಬ್ ಮಾತ್ರ ಆಗ ಮೂರನೆಯ ದರ್ಜೆಯಾದ ಜೂನಿಯರ್ ವಿಭಾಗದಲ್ಲಿತ್ತು. ದೊಡ್ಡ ಕ್ಲಬ್ ಹುಡುಕಿ ಅವರು ಎಲ್ಲಿಗೂ ಹೋಗಲಿಲ್ಲ. ಆರು ತಿಂಗಳ ನಂತರ, 2023ರ ಜನವರಿಯಲ್ಲಿ, ಅಣ್ಣ ಪೌಡಿಯ ಜೊತೆ ಫೊಸ್ಸ ಹಳ್ಳಿಯ ಜೆರ್ಸಿ ತೊಟ್ಟು ಅದೇ ಕ್ರೋಕ್ ಪಾರ್ಕಿಗೆ ಬಂದರು, ಟಿರೋನ್ ಕೌಂಟಿಯ ಸ್ಟೀವರ್ಟ್ಸ್‌ಟೌನ್ ತಂಡವನ್ನು ಸೋಲಿಸಿ ಊರಿಗೆ ಅಖಿಲ ಐರ್ಲೆಂಡ್ ಜೂನಿಯರ್ ಕಪ್ ತಂದರು. ಜೀವನಕ್ಕೆ ಕ್ಲಿಫರ್ಡ್ ಶಾಲಾ ಶಿಕ್ಷಕರು.